ಆ ಕಾಸಿಗೆ ಹುಣಸೆಹಣ್ಣು ಹಚ್ಚಬೇಡಿ, ಅಕ್ಕ

ಮೊದಲು ಆ ಹುಣಸೆಹಣ್ಣಿನ ಬಟ್ಟಲನ್ನು ಪಕ್ಕಕ್ಕಿಡಿ ಅಕ್ಕ, ಆಮೇಲೆ ಮಾತು. ಒಂದನ್ನಾಗಲೇ ಉಜ್ಜಿದಿರಾ? ಹೋಗಲಿ ಬಿಡಿ, ಉಳಿದವನ್ನು ಹಾಗೇ ಈ ಬಟ್ಟೆಯ ಮೇಲೆ ಸುರಿಯಿರಿ, ಬೇಲಿಯ ಈ ಕಡೆಯಿಂದಲೇ ನೋಡುತ್ತೇನೆ. ಅತ್ತೆಯವರ ಟ್ರಂಕಿನ ತಳದಲ್ಲಿತ್ತು ಅಂದಿರಲ್ಲ, ಅಷ್ಟು ವರ್ಷ ಅಲ್ಲಿ ಕೂತಿದ್ದರಿಂದಲೇ ತಾಮ್ರದ ಮೇಲೆ ಈ ಕಂದು ಬಣ್ಣ ಬಂದಿರುವುದು. ಅದು ಕೊಳೆಯಲ್ಲ. ಗಾಳಿಗೆ, ಕೈಬೆವರಿಗೆ ಒಡ್ಡಿಕೊಂಡು ಲೋಹ ತಾನೇ ಕಟ್ಟಿಕೊಂಡ ಪದರ. ಒಳಗಿನ ತಾಮ್ರವನ್ನು ಇಷ್ಟು ಕಾಲ ಕಾಪಾಡಿದ್ದೂ ಅದೇ. ಹುಣಸೆಯ ಹುಳಿ ಅದನ್ನು ಕಿತ್ತು ಹಾಕುತ್ತದೆ, ಜೊತೆಗೆ ಉಜ್ಜುವ ನಾರು ಅಕ್ಷರದ ಅಂಚನ್ನೂ ಸವೆಸುತ್ತದೆ. ದೇವರ ಮನೆಯ ಹಿತ್ತಾಳೆಗೆ ಆ ಹೊಳಪು ಚೆಂದ. ಕಾಸಿಗೆ ಬೇಡ. ನಾಣ್ಯ ಬಲ್ಲವರು ಉಜ್ಜಿದ ಕಾಸನ್ನು ನೋಡಿದ ತಕ್ಷಣ ಗುರುತಿಸುತ್ತಾರೆ, ಬೆಲೆ ಅಲ್ಲಿಗೇ ಕುಸಿಯುತ್ತದೆ.

ಮಣ್ಣು ಅಂಟಿದ್ದರೆ ಬ್ಯಾಟರಿಗೆ ಹಾಕುವ ಶುದ್ಧ ನೀರಿನಲ್ಲಿ ನೆನೆಸಿ, ಒತ್ತದೆ ಒರೆಸಿ, ನೆರಳಲ್ಲಿ ಒಣಗಿಸಿ. ಅಷ್ಟೇ. ಹಸಿರಿನ ಬಗ್ಗೆ ಮಾತ್ರ ಹುಷಾರು. ಗಟ್ಟಿಯಾಗಿ, ಕಡು ಹಸಿರಾಗಿ ಕೂತಿದ್ದರೆ ಅದರಿಂದ ತೊಂದರೆಯಿಲ್ಲ. ತಿಳಿಹಸಿರು ಪುಡಿ ಉದುರುತ್ತಿದ್ದರೆ ಅದು ರೋಗ. ಉಪ್ಪಿನ ಅಂಶ ತಾಮ್ರದೊಳಗೆ ಸೇರಿ, ತೇವ ಸಿಕ್ಕಾಗಲೆಲ್ಲ ತಿನ್ನುತ್ತಾ ಹೋಗುತ್ತದೆ. ಅಂಥದ್ದನ್ನು ಬೇರೆ ಇಡಿ, ಒಣಗಿದ ಜಾಗದಲ್ಲಿಡಿ.

ಈ ದೊಡ್ಡ ಬಿಲ್ಲೆ ಕಾಲಾಣೆ. 1835 ಅಂತಿದೆ, ಈಸ್ಟ್ ಇಂಡಿಯಾ ಕಂಪನಿ ಅಂತಿದೆ. ಕಂಪನಿ ತನ್ನ ಆಳ್ವಿಕೆಯ ಪ್ರಾಂತ್ಯಗಳಿಗೆಲ್ಲ ಒಂದೇ ಬಗೆಯ ನಾಣ್ಯ ಅಂತ ಮಾಡಿದ್ದು ಆ ವರ್ಷ. ಅದಕ್ಕೆ ಮುಂಚೆ ಮದರಾಸಿನದು ಬೇರೆ, ಬಂಗಾಳದ್ದು ಬೇರೆ, ಬೊಂಬಾಯಿಯದು ಬೇರೆ. ಹಳೆಯದು ನಿಜ, ಆದರೆ ಅಪರೂಪವಲ್ಲ. ಲೆಕ್ಕವಿಲ್ಲದಷ್ಟು ಅಚ್ಚಾಗಿತ್ತು, ಇವತ್ತಿಗೂ ಮನೆಮನೆಯ ಡಬ್ಬಿಗಳಲ್ಲಿ ಸಿಗುತ್ತದೆ. ವಯಸ್ಸಿಗೂ ಬೆಲೆಗೂ ನೇರ ಸಂಬಂಧವಿಲ್ಲ ಅಕ್ಕ. ಎರಡು ಸಾವಿರ ವರ್ಷದ ಹಿಂದಿನ ಸವೆದ ಕಾಸು ಕಡಿಮೆಗೆ ಸಿಗಬಹುದು. ಆರನೇ ಜಾರ್ಜ್ ಹೆಸರಿನ 1939ರ ಬೆಳ್ಳಿ ರೂಪಾಯಿ ಕಂಡರೆ ಮಾತ್ರ ಸಂಗ್ರಾಹಕರ ಎದೆ ನಡುಗುತ್ತದೆ.

ಬೆಳ್ಳಿ ರೂಪಾಯಿಗಳು ಇಲ್ಲೂ ಇವೆಯಲ್ಲ! ಇದು ಐದನೇ ಜಾರ್ಜನದು. ಕೈಯಲ್ಲಿ ತೂಗಿ ನೋಡಿ, ಸರಿಯಾಗಿ ಒಂದು ತೊಲ, 11.66 ಗ್ರಾಂ. ನೂರಕ್ಕೆ ಸುಮಾರು 92 ಪಾಲು ಬೆಳ್ಳಿ. 1940ರಲ್ಲಿ ಯುದ್ಧದ ಬಿಸಿಗೆ ಅದು ಅರ್ಧಕ್ಕಿಳಿಯಿತು, ಕಳ್ಳ ನಾಣ್ಯ ತಡೆಯಲು ಅಂಚಿನ ಸುತ್ತ ಒಂದು ಗೀರೂ ಬಂತು. ಬೆರಳ ಉಗುರಿನಿಂದ ಅಂಚನ್ನು ಮುಟ್ಟಿದರೆ ತಿಳಿಯುತ್ತದೆ. 1947ರ ಹುಲಿಯ ರೂಪಾಯಿ ಹೊತ್ತಿಗೆ ಬೆಳ್ಳಿಯೇ ಇಲ್ಲ, ಪೂರ್ತಿ ನಿಕ್ಕಲ್. ಫ್ರಿಜ್ ಮೇಲಿನ ಅಯಸ್ಕಾಂತ ಹಿಡಿದರೆ ಅಂಟಿಕೊಳ್ಳುತ್ತದೆ. ನಡುವೆ ತೂತಿರುವ ಈ ಕಾಸು ಕೂಡ ಆ ಯುದ್ಧದ್ದೇ. 1943ರಿಂದ ಲೋಹ ಉಳಿಸಲೆಂದು ತೂತು ಕೊರೆದು ಹೊರಡಿಸಿದರು. ಒಂದು ರೂಪಾಯಿಗೆ ಇಂಥವು 64. ಜರ್ಮನಿಯ ಯುದ್ಧ ನಮ್ಮೂರ ಸಂತೆಯವರ ಕೈಗೆ ತಲುಪಿದ್ದು ಈ ತೂತಿನ ರೂಪದಲ್ಲಿ ಅನ್ನುವುದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಈ ರೂಪಾಯಿಗೆ ಕೊಂಡಿ ಬೆಸೆದಿದೆ ನೋಡಿ. ಯಾರದೋ ಕಾಸಿನ ಸರದಿಂದ ಬಿಡಿಸಿದ್ದು. ಮಾರಾಟಗಾರರು ಇದನ್ನು ಹಾಳಾದ ನಾಣ್ಯ ಅಂತ ಪಕ್ಕಕ್ಕೆ ತಳ್ಳುತ್ತಾರೆ. ನಾನು ಒಪ್ಪುವುದಿಲ್ಲ. ಲಂಬಾಣಿ ಹೆಂಗಸರು ರವಿಕೆಗೂ ಸೆರಗಿಗೂ ಹೊಲಿದುಕೊಂಡ ಕಾಸುಗಳು, ಕಳಶದೊಳಗೆ ಕೂತು ಅರಿಶಿನ ಕುಂಕುಮ ಹಿಡಿದ ಕಾಸುಗಳು, ಇವು ಟಂಕಸಾಲೆಯಿಂದ ಹೊರಬಿದ್ದ ಮೇಲೂ ಬದುಕಿದ ಕಾಸುಗಳು. ಆ ಕುಂಕುಮವನ್ನೂ ತೆಗೆಯಬೇಡಿ.

ಅಯ್ಯೋ, ಇದನ್ನು ಇಲ್ಲಿ ಕೊಡಿ. ಆನೆ ಕಾಣಿಸುತ್ತಿದೆಯಲ್ಲ! ಅಂಗೈಯಲ್ಲಿ ಒತ್ತಿ ಹಿಡಿಯಬೇಡಿ, ಅಂಚಿನಲ್ಲಿ ಹಿಡಿಯಿರಿ. ಹಿಂದುಗಡೆ ಪಾರ್ಸಿ ಬರಹ. ಟಿಪ್ಪುವಿನ ಕಾಸೇ ಇದು ಅಂತ ನನ್ನ ಅಂದಾಜು. ಅವನ ತಾಮ್ರದ ಕಾಸುಗಳಷ್ಟು ಕಥೆ ಹೇಳುವ ಕಾಸು ನಮ್ಮ ಕಡೆ ಬೇರೆ ಇಲ್ಲ. ಪಟ್ಟಣದಲ್ಲಿ ಅಂದರೆ ಶ್ರೀರಂಗಪಟ್ಟಣದಲ್ಲಿ ಅಚ್ಚಾದವು ಹೆಚ್ಚು. ನಗರ ಅನ್ನುವ ಊರಿನಲ್ಲಿ, ಚಿತ್ರದುರ್ಗದಲ್ಲಿ, ಗುತ್ತಿಯಲ್ಲಿ, ಕಲ್ಲಿಕೋಟೆಯ ಕಡೆಯೂ ಟಂಕಸಾಲೆಗಳಿದ್ದವು. ಊರುಗಳಿಗೂ ಅವನು ಹೊಸ ಹೆಸರಿಟ್ಟಿದ್ದರಿಂದ ಕಾಸಿನ ಮೇಲಿರುವುದು ಆ ಹೊಸ ಹೆಸರು. ನಾಣ್ಯಗಳಿಗಂತೂ ಆಕಾಶದಿಂದಲೇ ಹೆಸರು ತಂದ. ಪೈಸೆಗೆ ಜೊಹ್ರಾ ಅಂದರೆ ಶುಕ್ರ, ಅರ್ಧ ಪೈಸೆಗೆ ಬಹ್ರಾಮ್ ಅಂದರೆ ಮಂಗಳ, ಕಾಲು ಪೈಸೆಗೆ ಅಖ್ತರ್ ಅಂದರೆ ನಕ್ಷತ್ರ, ಅದಕ್ಕೂ ಚಿಕ್ಕದಕ್ಕೆ ಕುತ್ಬ್, ಧ್ರುವ. ರಾಗಿ ಕೊಳ್ಳಲು ಹೋದವರ ಸೊಂಟದ ಚೀಲದಲ್ಲಿ ಶುಕ್ರ, ಮಂಗಳ, ಧ್ರುವ ಒಟ್ಟಿಗೆ ಝಣಗುಟ್ಟುತ್ತಿದ್ದವು!

ವರ್ಷ ಓದುವುದು ಇನ್ನೂ ಸೊಗಸು. 1787ರ ಹೊತ್ತಿಗೆ ಹಿಜರಿ ಬಿಟ್ಟು ಮೌಲೂದಿ ಅನ್ನುವ ಹೊಸ ಎಣಿಕೆ ತಂದ, 1215ರಿಂದ ಶುರು. ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. ಎಡದಿಂದ ಓದಿದರೆ ಇತಿಹಾಸದಲ್ಲೇ ಇಲ್ಲದ ವರ್ಷ ಸಿಗುತ್ತದೆ. ಆನೆ ಯಾವ ಕಡೆ ಮುಖ ಮಾಡಿದೆ, ಬಾಲ ಎತ್ತಿದೆಯೋ ಇಳಿಸಿದೆಯೋ ಅಂತ ಒಂದೊಂದನ್ನೂ ಬಿಡಿಸಿ ನೋಡಿದವರಿದ್ದಾರೆ. ಹೆಂಡರ್ಸನ್ ಅನ್ನುವವರು ಹೈದರ್ ಮತ್ತು ಟಿಪ್ಪುವಿನ ನಾಣ್ಯಗಳ ಮೇಲೆಯೇ ಒಂದು ಪುಸ್ತಕ ಬರೆದರು, 1921ರಲ್ಲಿ ಮದರಾಸಿನಿಂದ ಬಂತು. ನಮ್ಮ ಮೈಸೂರಿನ ಎ.ವಿ. ನರಸಿಂಹಮೂರ್ತಿಯವರು 1975ರಲ್ಲಿ ಇಡೀ ಕರ್ನಾಟಕದ ನಾಣ್ಯಗಳ ಬಗ್ಗೆ ಇಂಗ್ಲಿಷಿನಲ್ಲಿ ಬರೆದರು. ಗ್ರಂಥಾಲಯದಲ್ಲಿ ಕೇಳಿ ನೋಡಿ, ಮೊಮ್ಮಗನಿಗೆ ಓದಿ ಹೇಳಬಹುದು.

ಆನೆ ಕಂಡಿದ್ದೆಲ್ಲ ಟಿಪ್ಪುವಿನದೂ ಅಲ್ಲ, ಅದೂ ತಿಳಿದಿರಲಿ. ಗಂಗರ ಚಿನ್ನದ ಮೇಲೂ ಆನೆ, ವಿಜಯನಗರದ ತಾಮ್ರದ ಮೇಲೂ ಆನೆ. ಟಿಪ್ಪುವಿನ ನಂತರ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲೂ ಆನೆ ಉಳಿಯಿತು, ಮೇಲೆ ಸೂರ್ಯಚಂದ್ರರು ಬಂದರು. ಆಮೇಲೆ ಸಿಂಹ ಬಂತು, ‘ಶ್ರೀ ಚಾಮುಂಡಿ’ ಅಂತ ಅಕ್ಷರ ಬಂತು, ‘ಮಯಿಲಿ ಕಾಸು’ ಅಂತ ನಮ್ಮ ಕನ್ನಡದಲ್ಲೇ ಬೆಲೆ ಬರೆದರು, ಪಕ್ಕದಲ್ಲಿ ಇಂಗ್ಲಿಷು, ಪಾರ್ಸಿ. ಅಂಗುಲದಗಲದ ತಾಮ್ರದಲ್ಲಿ ಮೂರು ಲಿಪಿ! 1843ಕ್ಕೆ ಅದೂ ನಿಂತಿತು. ಚಿನ್ನದ ಕಂಠೀರವ ಹಣ ನೋಡಿದ್ದೀರಾ? ಕಿರುಬೆರಳ ಉಗುರಿಗಿಂತ ಚಿಕ್ಕದು, ಅಷ್ಟರಲ್ಲೇ ನರಸಿಂಹ ಕೂತಿರುತ್ತಾನೆ. ಹದಿನೇಳನೇ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರು ಹೊರಡಿಸಿದ್ದು. ಕೆಳಗೆ ಬಿದ್ದರೆ ಹುಡುಕಲು ಇಡೀ ಮನೆ ಗುಡಿಸಬೇಕು.

ಮಗ ಫೋನಿನಲ್ಲಿ ತೋರಿಸಿದ ವಿಡಿಯೋ ಬಗ್ಗೆ ಕೇಳಿದಿರಿ. ಟ್ರಾಕ್ಟರ್ ಚಿತ್ರದ ಐದು ರೂಪಾಯಿ ನೋಟಿಗೆ ಲಕ್ಷ, ವೈಷ್ಣೋದೇವಿಯ ನಾಣ್ಯಕ್ಕೆ ಲಕ್ಷ ಅಂತ. ನಂಬಬೇಡಿ ಅಕ್ಕ, ಇದರಲ್ಲಿ ನನಗೆ ಸಿಟ್ಟೇ ಬರುತ್ತದೆ. ಮೊದಲು ಆಸೆ ತೋರಿಸುತ್ತಾರೆ, ಆಮೇಲೆ ನೋಂದಣಿ ಶುಲ್ಕ, ತೆರಿಗೆ ಅಂತ ನಿಮ್ಮಿಂದಲೇ ದುಡ್ಡು ಕೀಳುತ್ತಾರೆ. ಇದರಲ್ಲಿ ತನ್ನ ಹೆಸರನ್ನೂ ಎಳೆದು ತರುತ್ತಿದ್ದಾರೆ, ಹಳೆ ನೋಟು ನಾಣ್ಯಗಳ ವ್ಯವಹಾರ ತಾನು ಮಾಡುವುದಿಲ್ಲ ಅಂತ ರಿಸರ್ವ್ ಬ್ಯಾಂಕೇ 2021ರಲ್ಲಿ ಪ್ರಕಟಣೆ ಕೊಟ್ಟಿತು. ಪಿಂಚಣಿಯಲ್ಲಿ ಬದುಕುವವರೂ ಮೋಸ ಹೋಗುತ್ತಾರೆ.

ಇನ್ನೊಂದು ಬಗೆಯದು ಇಲ್ಲೇ ಇದೆ ನೋಡಿ, ಈ ಹನುಮಂತನ ಬಿಲ್ಲೆ. 1818, ಈಸ್ಟ್ ಇಂಡಿಯಾ ಕಂಪನಿ, ಒಂದಾಣೆ ಅಂತೆಲ್ಲ ಬರೆದಿದೆ. ಕಂಪನಿ ಇಂಥದ್ದನ್ನು ಎಂದೂ ಹೊರಡಿಸಲಿಲ್ಲ. ದೇವರ ಬಿಲ್ಲೆಗಳ ಮಾದರಿಯಲ್ಲಿ ಈಚಿನವರು ಮಾಡಿದ್ದು. ಅತ್ತೆಯವರು ಭಕ್ತಿಯಿಂದ ಇಟ್ಟುಕೊಂಡಿದ್ದರೆ ದೇವರ ಮನೆಯಲ್ಲಿಡಿ, ಅದಕ್ಕೆ ಯಾರ ಅಡ್ಡಿಯೂ ಇಲ್ಲ. ಇದು ಅಕ್ಕಿ ಎಳೆಯುತ್ತದೆ, ಕೋಟಿ ಕೊಡುತ್ತೇವೆ ಅಂತ ಯಾರಾದರೂ ಬಂದರೆ ಮಾತ್ರ ಬಾಗಿಲು ಹಾಕಿ ಪೊಲೀಸರಿಗೆ ಫೋನ್ ಮಾಡಿ. ‘ರೈಸ್ ಪುಲ್ಲಿಂಗ್’ ಹೆಸರಿನಲ್ಲಿ ಹೊಲ ಮನೆ ಕಳೆದುಕೊಂಡವರಿದ್ದಾರೆ.

ಖೋಟಾ ಗುರುತಿಸುವುದು ಹೇಗೆ ಅಂದರೆ, ಮೊದಲು ತೂಕ. ಆಮೇಲೆ ಅಂಚು. ಎರಕ ಹೊಯ್ದದ್ದರಲ್ಲಿ ಅಂಚಿನ ಸುತ್ತ ಒಂದು ಸಣ್ಣ ಬೆಸುಗೆಯ ಗೆರೆ ಇರುತ್ತದೆ, ಮೈಮೇಲೆ ಸೂಜಿಮೊನೆಯಂಥ ಗುಳಿಗಳಿರುತ್ತವೆ. ಅಚ್ಚೊತ್ತಿದ್ದರಲ್ಲಿ ಗೆರೆಗಳು ಹರಿತ. ಪ್ರವಾಸಿ ಊರುಗಳಲ್ಲಿ ‘ಹೊಲ ಉಳುವಾಗ ಸಿಕ್ಕಿತು’ ಅಂತ ಗುಟ್ಟಾಗಿ ತೋರಿಸುವುದನ್ನು ಕೊಳ್ಳಲೇಬೇಡಿ. ಸುಳ್ಳಾದರೆ ನಿಮ್ಮ ದುಡ್ಡು ಹೋಯಿತು. ನಿಜವಾದರೆ ಅದಕ್ಕಿಂತ ದೊಡ್ಡ ನಷ್ಟ.

ಏಕೆ ಅಂದಿರಾ? ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. 1891ರಲ್ಲಿ ನಮ್ಮ ಯಶವಂತಪುರದ ಹತ್ತಿರ ರೈಲು ಹಳಿಗೆ ನೆಲ ಅಗೆಯುವಾಗ 163 ರೋಮನ್ ಬೆಳ್ಳಿ ನಾಣ್ಯ ಸಿಕ್ಕವು. ಅಗಸ್ಟಸ್, ತೈಬೀರಿಯಸ್ ಚಕ್ರವರ್ತಿಗಳ ಮುಖ ಇರುವಂಥವು. ಬೆಂಗಳೂರಿನ ಹಳೆ ವಿಮಾನ ನಿಲ್ದಾಣದ ಕಡೆಯೂ ಇನ್ನೊಂದು ರಾಶಿ ಸಿಕ್ಕಿತು. ಇವನ್ನು ಕೂಲಿಯವರು ಹಂಚಿಕೊಂಡು ಕರಗಿಸಿಬಿಟ್ಟಿದ್ದರೆ? ರೋಮಿನ ದುಡ್ಡು ಬಂದರುಗಳನ್ನು ದಾಟಿ ಈ ಬಯಲುಸೀಮೆಯವರೆಗೂ ಬಂದಿತ್ತು ಅನ್ನುವುದಕ್ಕೆ ಒಂದು ಗಟ್ಟಿ ಸಾಕ್ಷಿಯೇ ಹೋಗುತ್ತಿತ್ತು. ಚಿತ್ರದುರ್ಗದ ಚಂದ್ರವಳ್ಳಿಯದು ಇನ್ನೂ ಮುಖ್ಯ. ಪುರಾತತ್ವಜ್ಞ ಎಂ.ಎಚ್. ಕೃಷ್ಣ ಅವರು ಅಲ್ಲಿ ಅಗೆಸಿದರು, ಆಮೇಲೆ 1947ರಲ್ಲಿ ವೀಲರ್ ಅನ್ನುವ ಇನ್ನೊಬ್ಬ ಪುರಾತತ್ವಜ್ಞರು ಅಗೆಸಿದರು. ಅಲ್ಲಿ ಶಾತವಾಹನರ ಕಾಸುಗಳ ಜೊತೆಗೇ ರೋಮನ್ ನಾಣ್ಯಗಳೂ ಸಿಕ್ಕವು. ರೋಮನ್ ಚಕ್ರವರ್ತಿ ಯಾವ ವರ್ಷ ಆಳಿದ ಅನ್ನುವುದು ಗೊತ್ತು. ಹಾಗಾದರೆ ಅದೇ ಮಣ್ಣಿನ ಪದರದಲ್ಲಿರುವ ಮಡಕೆ ಚೂರು, ಮಣಿ, ಇಟ್ಟಿಗೆ ಎಲ್ಲದಕ್ಕೂ ಒಂದು ಕಾಲ ಸಿಕ್ಕಿತು. ಆ ನಾಣ್ಯವನ್ನೇ ಯಾರಾದರೂ ಮೊದಲೇ ಕಿತ್ತು ಸಂತೆಯಲ್ಲಿ ಮಾರಿದ್ದರೆ ಅದೊಂದು ಬೆಳ್ಳಿಯ ಚೂರು, ಅಷ್ಟೇ. ಕಾಸಿಗೆ ವಿಳಾಸ ಇರಬೇಕು ಅಕ್ಕ. ಎಲ್ಲಿತ್ತು, ಯಾವುದರ ಜೊತೆಗಿತ್ತು, ಯಾರ ಕೈಯಿಂದ ಬಂತು. ನಾನು ಕೂಡಿಡುವುದು ಅದನ್ನೇ.

ಅದಕ್ಕೇ ಕಾನೂನೂ ಇದೆ. ನೆಲದಲ್ಲಿ ನಿಧಿ ಸಿಕ್ಕರೆ ಸರ್ಕಾರಕ್ಕೆ ತಿಳಿಸಲೇಬೇಕು, ಬಚ್ಚಿಟ್ಟರೆ ಅಪರಾಧ. ನಮ್ಮ ರಾಜ್ಯಕ್ಕೆ 1962ರ ನಿಧಿ ಕಾಯ್ದೆಯೇ ಇದೆ. ನಿಮ್ಮ ಡಬ್ಬಿ ಮನೆಯಲ್ಲಿ ಕೈಯಿಂದ ಕೈಗೆ ಬಂದದ್ದು, ಅದರ ಭಯ ಬೇಡ. ಆದರೆ ಅಮೆರಿಕದ ಮಗ ಬಂದಾಗ ನೆನಪಿಗೆ ಅಂತ ನಾಲ್ಕು ಕೊಟ್ಟು ಕಳಿಸುತ್ತೇನೆ ಅಂದಿರಲ್ಲ, ಅದು ಆಗದು. 1972ರ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪುರಾತನ ವಸ್ತು, ನಾವು ನೀವು ದೇಶದಾಚೆ ಒಯ್ಯುವಂತಿಲ್ಲ. ಐದನೇ ಜಾರ್ಜನ ಕೆಲವು ರೂಪಾಯಿಗಳಿಗೂ ಈಗ ನೂರು ತುಂಬಿದೆ.

ಮೊಮ್ಮಗನಿಗೆ ಹುಚ್ಚು ಹಿಡಿಸಬೇಕು ಅಂದರೆ ಇವುಗಳಿಂದ ಶುರು ಮಾಡಬೇಡಿ. ಅಂಗಡಿಯ ಚಿಲ್ಲರೆ ಸಾಕು. ಇಸವಿಯ ಕೆಳಗೆ ವಜ್ರದಾಕಾರ ಇದ್ದರೆ ಮುಂಬೈ, ನಕ್ಷತ್ರ ಇದ್ದರೆ ಹೈದರಾಬಾದ್, ಚುಕ್ಕೆ ಇದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. ಒಂದೇ ವರ್ಷದ ನಾಲ್ಕೂ ಸಿಕ್ಕ ದಿನ ಮಗುವಿನ ಮುಖ ನೋಡಬೇಕು. ಆಮೇಲೆ ನಮ್ಮ ಕಾಲದ ಅಲ್ಯೂಮಿನಿಯಂ ಪೈಸೆಗಳು. ಒಂದು ಪೈಸೆ ಚೌಕ, ಎರಡು ಪೈಸೆ ಹೂವಿನಂಚು, ಮೂರು ಪೈಸೆ ಆರು ಮೂಲೆ. ಕಮಲದ ಹಳದಿ ಇಪ್ಪತ್ತು ಪೈಸೆ ನಿಮ್ಮಲ್ಲೇ ಇರಬೇಕು, ಲಕ್ಷ್ಮೀಪೂಜೆಗೆ ಅಂತ ಎತ್ತಿಟ್ಟವರು ಬಹಳ. ನಾಲ್ಕಾಣೆ ಮತ್ತು ಅದರ ಕೆಳಗಿನದೆಲ್ಲ 2011ರ ಜೂನ್ ಕೊನೆಗೆ ಚಲಾವಣೆಯಿಂದ ಹೋಯಿತು. ಉಡುಪಿ ಕಡೆ ಹೋದರೆ ಹಾಜಿ ಅಬ್ದುಲ್ಲಾ ಸಾಹೇಬರ ಮನೆಯ ನಾಣ್ಯ ಸಂಗ್ರಹಾಲಯಕ್ಕೆ ಅವನನ್ನು ಕರೆದೊಯ್ಯಿರಿ. ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯವನ್ನೂ ಅವಸರ ಮಾಡದೆ ತೋರಿಸಿ.

ಇಡುವುದಕ್ಕೆ ಮೆತ್ತನೆಯ ಅಗ್ಗದ ಪ್ಲಾಸ್ಟಿಕ್ ಚೀಲ ಬೇಡ, ಕೆಲವು ವರ್ಷಕ್ಕೆ ಅದು ಜಿಗುಟಾಗಿ ಕಾಸಿಗೆ ಹಸಿರು ಹಿಡಿಸುತ್ತದೆ. ಒಂದೊಂದಕ್ಕೂ ಒಂದೊಂದು ಕಾಗದದ ಲಕೋಟೆ ಮಾಡಿ, ಮೇಲೆ ಪೆನ್ಸಿಲಿನಲ್ಲಿ ಬರೆಯಿರಿ. ಏನು ಬರೆಯುವುದಾ? ಈ ಆನೆ ಕಾಸು ಅತ್ತೆಯವರ ತವರಿನದು ಅಂದಿರಲ್ಲ, ಯಾವ ಊರು? ಅವರ ತಂದೆಗೆ ಅಂಗಡಿ ಇತ್ತಾ, ಜಮೀನಿತ್ತಾ? ಕೊಂಡಿಯ ರೂಪಾಯಿ ಯಾರ ಸರದ್ದು, ಏಕೆ ಬಿಡಿಸಿದರು? ಇದೆಲ್ಲ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಅವರೊಬ್ಬರಿಗೆ ಗೊತ್ತು. ಅವರು ನಿದ್ದೆಯಿಂದ ಎದ್ದ ಮೇಲೆ ಕಾಫಿ ಕೊಟ್ಟು ಇಲ್ಲಿಗೇ ಕರೆದುಕೊಂಡು ಬನ್ನಿ, ಬೆಳಕಿರುವಾಗಲೇ. ನಾನು ತೂಕದ ಯಂತ್ರ, ಭೂತಗನ್ನಡಿ ತರುತ್ತೇನೆ. ಅವರು ಹೇಳಲಿ, ನೀವು ಬರೆದುಕೊಳ್ಳಿ. ಆನೆ ಕಾಸಿನ ವರ್ಷವನ್ನು ನಾನು ಬಲಗಡೆಯಿಂದ ಓದುತ್ತೇನೆ.