ಲಿಂಕಿಂಗ್ ವರ್ಬ್ ಮೇಷ್ಟ್ರು

ಲಿಂಕಿಂಗ್ ವರ್ಬ್ ಮೇಷ್ಟ್ರು ಕೊಳ್ಳೇಗಾಲ, ಹನೂರು, ಯಳಂದೂರು ಮೂರೂ ಕಡೆ ಸಿಗುತ್ತಾರೆ. ಹೈಸ್ಕೂಲಿನಿಂದ ರಿಟೈರಾಗಿ ಜಗಲಿಯಲ್ಲಿ ಟ್ಯೂಷನ್ ಹೇಳುವುದು ಇವರ ಕಸುಬು. ಬೈಂಡು ಕಿತ್ತುಹೋದ ರೆನ್ ಅಂಡ್ ಮಾರ್ಟಿನ್ ಇಂಗ್ಲಿಷ್ ವ್ಯಾಕರಣ ಇವರ ಗುರುತು. ತಳಿಯಲ್ಲಿ ಅಲ್ಪಸ್ವಲ್ಪ ವ್ಯತ್ಯಾಸವುಂಟು. 1956ರವರೆಗೆ ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಗೆ ಸೇರಿದ್ದರಿಂದ ಅಲ್ಲಿನವರು ತಮ್ಮದು ಮದ್ರಾಸ್ ಇಂಗ್ಲಿಷ್ ಎಂದು ಬೀಗುತ್ತಾರೆ. ಯಳಂದೂರಿನವರು ಅದಕ್ಕೆ ತಮ್ಮೂರು ಮೈಸೂರು ದಿವಾನ್ ಪೂರ್ಣಯ್ಯನವರ ಜಹಗೀರಾಗಿದ್ದುದನ್ನು ಅಡ್ಡ ತರುತ್ತಾರೆ. ಕೊಳ್ಳೇಗಾಲದಿಂದ ಬೇರೆಯಾಗಿ ಈಚೆಗೆ ತಾಲ್ಲೂಕಾದ ಹನೂರಿನವರಿಗೆ ಈ ಜಗಳಕ್ಕೆ ಪುರುಸೊತ್ತಿಲ್ಲ, ಮಕ್ಕಳು ಪಾಸಾಗಬೇಕು.

ಪಾಠ ನಾಮಪದದಿಂದ ಶುರುವಾಗುತ್ತದೆ. ಈಸ್, ಬಿಕಮ್, ಸೀಮ್ ಇವು ಕೆಲಸ ಮಾಡುವ ಕ್ರಿಯಾಪದಗಳಲ್ಲ, ಬರೀ ಗಂಟು ಹಾಕುವವು. ಇವುಗಳ ಮುಂದೆ ಬರುವ ನಾಮಪದ ಕರ್ತೃವೇ, ವೇಷ ಮಾತ್ರ ಬೇರೆ. ‘ಮಾದೇವ ಬಿಕೇಮ್ ದ ಪ್ರೆಸಿಡೆಂಟ್’ ಎಂದರೆ ಇರುವುದು ಒಬ್ಬನೇ ಆಸಾಮಿ. ‘ಮಾದೇವ ಬೀಟ್ ದ ಪ್ರೆಸಿಡೆಂಟ್’ ಎಂದರೆ ಇಬ್ಬರು, ಜೊತೆಗೊಂದು ಪೊಲೀಸ್ ಕೇಸು. ಮಲೆ ಮಹದೇಶ್ವರನ ಸೀಮೆಯಲ್ಲಿ ಮಾದೇವನಾದವನು ಬಿಳಿಗಿರಿರಂಗನ ಯಳಂದೂರಿನಲ್ಲಿ ರಂಗಸ್ವಾಮಿಯಾಗುತ್ತಾನೆ. ಏಟು ತಿನ್ನುವ ಪ್ರೆಸಿಡೆಂಟ್ ಬದಲಾಗುವುದಿಲ್ಲ.

ಮಕ್ಕಳು ‘ಮಾದೇವ ಪ್ರೆಸಿಡೆಂಟ್’ ಎಂದಷ್ಟೇ ಬರೆದು ಎದ್ದುಬಿಡುತ್ತಾರೆ. ಕನ್ನಡದಲ್ಲಿ ‘ಮಾದೇವ ಅಧ್ಯಕ್ಷ’ ಎಂದರೆ ವಾಕ್ಯ ಮುಗಿಯಿತು, ಕ್ರಿಯಾಪದದ ಹಂಗಿಲ್ಲ. ಮೇಷ್ಟ್ರು ಇದನ್ನು ಸೋಮಾರಿತನ ಎನ್ನುತ್ತಾರೆ. ಹಾಗೆ ನೋಡಿದರೆ ಸೋಮಾರಿಯಾದದ್ದು ಈಸ್.

ಮೇಷ್ಟ್ರ ನಿಜವಾದ ಪ್ರತಾಪ ಕಾಣುವುದು ಗುಣವಾಚಕದಲ್ಲಿ. ಸ್ಲೋಲಿ ಎಂದರೆ ನಿಧಾನವಾಗಿ, ಸ್ವೀಟ್ಲಿ ಎಂದರೆ ಸಿಹಿಯಾಗಿ ಎಂದು ಐದನೇ ಕ್ಲಾಸಿನಲ್ಲಿ ಬಾಯಿಪಾಠ ಮಾಡಿಸಿದವರೇ ಇವರು. ಹಣ್ಣು ಸಿಹಿಯಾಗಿದೆ ಎನ್ನುವ ಹುಡುಗ ಸಹಜವಾಗಿಯೇ ‘ದ ಮ್ಯಾಂಗೋ ಟೇಸ್ಟ್ಸ್ ಸ್ವೀಟ್ಲಿ’ ಎಂದು ಬರೆಯುತ್ತಾನೆ. ಹಾಗಾದರೆ ಮಾವಿನಹಣ್ಣಿಗೆ ನಾಲಿಗೆಯಿದೆ, ಅದು ನಯವಾಗಿ ಇನ್ನೇನನ್ನೋ ರುಚಿ ನೋಡುತ್ತಿದೆ ಎಂದಾಯಿತು. ‘ಷಿ ಲುಕ್ಸ್ ಬ್ಯೂಟಿಫುಲ್’ ಎಂದರೆ ಹುಡುಗಿ ಚೆನ್ನಾಗಿ ಕಾಣುತ್ತಾಳೆ. ಅದಕ್ಕೊಂದು ‘ಲಿ’ ಅಂಟಿಸಿದರೆ ಹೊಗಳಿಕೆ ಮುಖಕ್ಕಲ್ಲ, ಅವಳು ನೋಡುವ ಕೆಲಸಕ್ಕೆ ಸಲ್ಲುತ್ತದೆ. ಸಿಟ್ಟಿನ ಮುಖಕ್ಕೆ ಆಂಗ್ರಿ, ಮಾದೇವನನ್ನು ದುರುಗುಟ್ಟಿ ನೋಡುವುದಕ್ಕೆ ಆಂಗ್ರಿಲಿ.

ಯಾವುದು ಲಿಂಕಿಂಗ್ ಎಂದು ತಿಳಿಯಲು ಮೇಷ್ಟ್ರ ಬಳಿ ಒಂದು ಪರೀಕ್ಷೆಯಿದೆ: ಕ್ರಿಯಾಪದ ತೆಗೆದು ಅಲ್ಲಿ ಈಸ್ ಕೂರಿಸಿ ನೋಡುವುದು. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಕಾಫಿ ಬಂದ ಕೂಡಲೇ ‘ದ ಕಾಫಿ ಸ್ಮೆಲ್ಸ್ ಗುಡ್’ ಎನ್ನುತ್ತಾರೆ. ಕಾಫಿ ಈಸ್ ಗುಡ್. ಸರಿ, ಇದು ಲಿಂಕಿಂಗ್. ‘ದ ಸಪ್ಲೈಯರ್ ಸ್ಮೆಲ್ಸ್ ದ ಕಾಫಿ.’ ಈಸ್ ಹಾಕಿದರೆ ಸಪ್ಲೈಯರೇ ಕಾಫಿಯಾಗುತ್ತಾನೆ; ಇದು ಲಿಂಕಿಂಗ್ ಅಲ್ಲ. ‘ನಾನೆಲ್ಲಿ ಮೂಸ್ದಿ ಸಾ?’ ಎಂದು ಅವನು ತಕರಾರು ತೆಗೆಯುವ ಹೊತ್ತಿಗೆ ಕಾಫಿ ಆರಿರುತ್ತದೆ.

ಸರ್ವನಾಮದಲ್ಲಿ ಇವರು ಹಟಮಾರಿ. ಗಂಟಿನ ಆಚೆ ಈಚೆ ಒಬ್ಬನೇ ಇರುವುದರಿಂದ ‘ಇಟ್ ಈಸ್ ಐ’ ಎನ್ನಬೇಕು ಎಂಬುದು ಹಳೆಯ ನಿಯಮ. ಇಂಗ್ಲಿಷರೇ ‘ಇಟ್ಸ್ ಮಿ’ ಎನ್ನತೊಡಗಿ ಎಷ್ಟೋ ಕಾಲವಾದರೂ ಮೇಷ್ಟ್ರು ಜಗ್ಗಿಲ್ಲ. ರಾತ್ರಿ ಬಾಗಿಲು ತಟ್ಟಿದಾಗ ಒಳಗಿನಿಂದ ‘ಯಾರದು?’ ಎಂದರೆ ಉತ್ತರ ‘ಇಟ್ ಈಸ್ ಐ’. ಅಗುಳಿ ತೆಗೆಯುವುದು ‘ನಾನ್ ಕಣೇ’ ಎಂದ ಮೇಲೆಯೇ.

ಕೊನೆಗೆ ಉಳಿಯುವುದು ವೇಷಧಾರಿ ಕ್ರಿಯಾಪದಗಳು: ಹಾಲು ಒಡೆದರೆ ವೆಂಟ್ ಸವರ್, ಎಲೆ ಹಳದಿಯಾದರೆ ಟರ್ನ್ಡ್ ಯೆಲ್ಲೋ. ‘ದ ವೆಲ್ ರ್ಯಾನ್ ಡ್ರೈ’ ಎಂದು ಬೋರ್ಡಿನ ಮೇಲೆ ಬರೆದರೆ ಹನೂರಿನ ಹುಡುಗನೊಬ್ಬ ಎದ್ದು ನಿಲ್ಲುತ್ತಾನೆ:

‘ಬಾವಿ ಎತ್ತಗೆ ಓಡ್ತು ಸಾ?’

‘ಓಡ್ಲಿಲ್ಲ ಕಣಾ, ಬತ್ತೋಯ್ತು. ಇಲ್ಲಿ ರ್ಯಾನ್ ಅಂದ್ರೆ ಬಿಕೇಮ್.’

‘ನಮ್ಮ ಬಾವಿ ಹೋದ ವರ್ಷವೇ ಬಿಕೇಮ್ ಸಾ’ ಎಂದು ಹುಡುಗ ಕೂರುತ್ತಾನೆ. ಡ್ರೈ ಎಲ್ಲಿ ಎಂದು ಮೇಷ್ಟ್ರು ಮತ್ತೆ ಎಬ್ಬಿಸುತ್ತಾರೆ.