ದೊರೆ ಎದ್ದಿದ್ದಾರೆ!

ನಾಲ್ಕು ತಿಂಗಳಿಂದ ವರ್ಷದವರೆಗಿನ ಕೂಸಿಗೆ ಹಗಲಿನ ಜೊಂಪೂ ಸೇರಿ ದಿನಕ್ಕೆ 12ರಿಂದ 16 ಗಂಟೆ ನಿದ್ದೆ ಬೇಕಂತೆ. ನಮ್ಮ ಮನೆಯ ಹತ್ತು ತಿಂಗಳ ದೊರೆಗೆ ಇದು ಒಪ್ಪಿಗೆಯೇ. ಯಾವ ಗಂಟೆಗಳು ಅನ್ನೋದು ಮಾತ್ರ ಅವನದೇ ತೀರ್ಮಾನ. ರಾತ್ರಿ ಎರಡಕ್ಕೆ ಮಂಚದ ಸರಳು ಹಿಡಿದು ನಿಂತು ಭಾಷಣ ಶುರು.

"ದೃಷ್ಟಿಯಾಗಿದೆ" ಅಂತ ಅತ್ತೆ ಉಪ್ಪು-ಮೆಣಸಿನಕಾಯಿ ನಿವಾಳಿಸಿದರು. "ಹಲ್ಲು ಬರ್ತಿದೆ" ಅಂದರು ಪಕ್ಕದ ಮನೆಯವರು. ಡಾಕ್ಟರು ಮಾತ್ರ ನಕ್ಕರು: "ಈ ವಯಸ್ಸಲ್ಲಿ ಅಮ್ಮ ಮರೆಯಾದರೆ ದಿಗಿಲು. ಹೊಸದಾಗಿ ನಿಲ್ಲೋದು ಕಲಿತ ಮಗು ರಾತ್ರಿಯೂ ಅಭ್ಯಾಸ ಮಾಡುತ್ತೆ. ದಿನಾ ಒಂದೇ ಹೊತ್ತಿಗೆ ದೀಪ ಆರಿಸಿ, ಲಾಲಿ ಹಾಡಿ."

ಹಾಡಿದೆ. ಮೊದಲ ನುಡಿಗೇ ಗೊರಕೆ ಕೇಳಿಸಿತು, ಯಜಮಾನರದ್ದು! ಮಗರಾಯ ಚಪ್ಪಾಳೆ ತಟ್ಟಿದ. ಲಾಲಿಯ ಗುಣವನ್ನು ಇನ್ನು ಯಾರೂ ಅನುಮಾನಿಸುವ ಹಾಗಿಲ್ಲ.