ವಿಭಾಗ ಮೀಮಾಂಸೆ: ಆದೋನಿ ಸೀಮೆಯ ವಿಜ್ಞಾನ ಸಂಘದಲ್ಲಿ ಶಾಖೆ ಕಟ್ಟುವ, ಸೇರುವ ಹಾಗೂ ಒಡೆಯುವ ಕ್ರಮ

ಯಾವ ಶಾಸ್ತ್ರಕ್ಕಾದರೂ ಅಧಿಕಾರಿ ಯಾರೆಂದು ಮೊದಲು ಹೇಳುವುದು ವಾಡಿಕೆ. ಈ ಶಾಸ್ತ್ರಕ್ಕೆ ಅಧಿಕಾರಿ ವರ್ಷದ ಚಂದಾ ಕಟ್ಟಿದವನು. ಬಾಕಿ ಉಳಿಸಿಕೊಂಡವನು ಪೂರ್ವಪಕ್ಷ.

ವಿಭಾಗದ ಉತ್ಪತ್ತಿಯನ್ನು ವಿಚಾರಿಸಲು 1914ರ ಜನವರಿಗೆ ಹೋಗಬೇಕು. ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯಲ್ಲಿ, ಆಶುತೋಷ್ ಮುಖರ್ಜಿಯವರ ಅಧ್ಯಕ್ಷತೆಯಲ್ಲಿ, ಭಾರತೀಯ ವಿಜ್ಞಾನ ಕಾಂಗ್ರೆಸ್ಸು ಮೊದಲ ಸಲ ಸೇರಿತು. ಬಂದವರು 105 ಮಂದಿ, ಪ್ರಬಂಧಗಳು 35, ವಿಭಾಗಗಳು 6: ಸಸ್ಯ, ರಸಾಯನ, ಜನಾಂಗ, ಭೂಗರ್ಭ, ಭೌತ, ಪ್ರಾಣಿ. ಭಾಗಿಸಿ ನೋಡಿದರೆ ವಿಭಾಗವೊಂದಕ್ಕೆ ಹದಿನೇಳೂವರೆ ಜನ. ಆ ಅರ್ಧ ಮನುಷ್ಯ ಯಾರೆಂಬ ಬಗ್ಗೆ ವಿದ್ವಾಂಸರು ತುಟಿ ಬಿಚ್ಚಿಲ್ಲ. ನನ್ನ ಮತದಲ್ಲಿ ಆತ ಒಂದು ಕಾಲನ್ನು ಪ್ರಾಣಿ ವಿಭಾಗದಲ್ಲೂ ಇನ್ನೊಂದನ್ನು ಊಟದ ಮನೆಯಲ್ಲೂ ಇಟ್ಟಿದ್ದ ಸದಸ್ಯ. ಆತನ ಸಂತತಿ ಇಂದಿಗೂ ಎಲ್ಲ ಸಮ್ಮೇಳನಗಳಲ್ಲಿ ಬ್ಯಾಗು ತೂಗಿಸಿಕೊಂಡು ಓಡಾಡುತ್ತಿದೆ.

ಸಿ.ವಿ. ರಾಮನ್ 1934ರಲ್ಲಿ ಬೆಂಗಳೂರಿನಲ್ಲಿ ಅಕಾಡೆಮಿ ಕಟ್ಟಿದಾಗ ಅದರ ಪತ್ರಿಕೆಗೆ ಎ, ಬಿ ಎಂಬ ಎರಡೇ ಭಾಗ ಸಾಕೆಂದರು: ಭೌತ, ಗಣಿತಾದಿಗಳು ಒಂದರಲ್ಲಿ, ಜೀವ ಇದ್ದದ್ದು ಇನ್ನೊಂದರಲ್ಲಿ. ಅಷ್ಟರಲ್ಲಾಗಲೇ ಅಲಹಾಬಾದಿನಲ್ಲಿ ಮೇಘನಾದ ಸಹಾ 1930ರಲ್ಲಿ ಒಂದು ಅಕಾಡೆಮಿ ಕಟ್ಟಿದ್ದರು. 1935ರಲ್ಲಿ ಕಲ್ಕತ್ತೆಯಲ್ಲಿ ಮೂರನೆಯದು ಹುಟ್ಟಿತು. ಇದರಿಂದ ಪ್ರಥಮ ಸೂತ್ರ: ಒಮ್ಮತವಿದ್ದರೆ ವಿಭಾಗ, ಇಲ್ಲದಿದ್ದರೆ ಬೇರೆ ಸಂಘ.

ಇನ್ನು ಪ್ರಕೃತಕ್ಕೆ ಬರೋಣ. ಆದೋನಿಯಲ್ಲಿ ಇಂಥದೊಂದು ಸಂಘ ಸ್ಥಾಪಿಸಿದರೆ ಮೊದಲ ವಿಭಾಗ ಹತ್ತಿಯದೇ, ಅದರಲ್ಲಿ ವಿವಾದವಿಲ್ಲ. ಹತ್ತಿ ಯಾವ ವಿಭಾಗಕ್ಕೆ ಸೇರಿದ್ದೆಂಬುದರಲ್ಲಿ ವಿವಾದ. ಗಿಡವಾಗಿದ್ದಾಗ ಸಸ್ಯ, ಕಾಯಿಕೊರಕ ಹೊಕ್ಕಾಗ ಪ್ರಾಣಿ, ಔಷಧ ಹೊಡೆದಾಗ ರಸಾಯನ, ಜಿನ್ನಿಗೆ ಬಿದ್ದಾಗ ಭೌತ, ರೇಟು ಬಿದ್ದಾಗ ಜನಾಂಗ. ಮಾರುಕಟ್ಟೆ ಯಾರ್ಡಿನಲ್ಲಿ ನಿಂತು ನೋಡಿ. ಖರೀದಿದಾರ ಹತ್ತಿಯ ರಾಶಿಯೊಳಗೆ ಮೊಳಕೈವರೆಗೆ ಕೈ ತೂರಿಸಿ ತಳದಿಂದ ಒಂದು ಹಿಡಿ ಎಳೆಯುತ್ತಾನೆ. ಎರಡು ಹೆಬ್ಬೆರಳ ನಡುವೆ ಎಳೆ ಜಗ್ಗಿ ಉದ್ದ ನೋಡುತ್ತಾನೆ, ಅಂಗೈಯಲ್ಲಿ ಒತ್ತಿ ತೇವ ನೋಡುತ್ತಾನೆ, ಬೀಜವೊಂದನ್ನು ಹಲ್ಲಿಗೆ ಹಾಕಿ ಕಟಕ್ಕೆಂದಿತೋ ಇಲ್ಲವೋ ಕೇಳಿಸಿಕೊಳ್ಳುತ್ತಾನೆ. ಭಾರತೀಯ ಹತ್ತಿ ನಿಗಮದವರದು ಮೀಟರು: ತೇವ ಶೇ. 8 ಇದ್ದರೆ ಪೂರ್ತಿ ದರ, ಅಲ್ಲಿಂದ ಮೇಲೆ ಕಡಿತ, 12 ದಾಟಿದರೆ ಹತ್ತಿಯೇ ಬೇಡ. "ಇನ್ನೊಂದ್ಸಲ ಚುಚ್ಚಿ ನೋಡ್ರಿ ಸಾರ್" ಎಂಬುದು ಈ ಪ್ರಯೋಗಶಾಲೆಯ ನಿತ್ಯಮಂತ್ರ. ಹಲ್ಲಿನ ಲೆಕ್ಕಕ್ಕೂ ಮೀಟರಿನ ಲೆಕ್ಕಕ್ಕೂ ನಡುವಿನ ಅಂತರದಲ್ಲಿ ರೈತನ ಗಾಡಿ ಬಾಡಿಗೆ ಹೋಗಿರುತ್ತದೆ. ಇಷ್ಟೆಲ್ಲ ಒಬ್ಬನೇ ಮನುಷ್ಯ ಬೀಡಿ ಆರುವುದರೊಳಗೆ ಮುಗಿಸುತ್ತಾನೆ. ಸಂಘದಲ್ಲಾದರೆ ಮೂರು ವಿಭಾಗ, ಮೂವರು ಅಧ್ಯಕ್ಷರು, ಒಂದು ಜಂಟಿ ಅಧಿವೇಶನ.

ಭೂಗರ್ಭ ವಿಭಾಗಕ್ಕೆ ಸದಸ್ಯರನ್ನು ಹುಡುಕಬೇಕಾಗಿಲ್ಲ. ಮುಂಗಾರಿನ ಮೊದಲ ಮಳೆ ಬಿದ್ದೊಡನೆ ತುಗ್ಗಲಿ, ಜೊನ್ನಗಿರಿ ಹೊಲಗಳಲ್ಲಿ ವಜ್ರ ಆಯಲು ಜನ ಬುತ್ತಿ ಕಟ್ಟಿಕೊಂಡು ಬರುತ್ತಾರೆ, ನಮ್ಮ ಬಳ್ಳಾರಿ ಕಡೆಯವರೂ ಸೇರಿ. ಚಂದಾ ಇಲ್ಲ, ಕೋರಂ ತುಂಬಿ ತುಳುಕುತ್ತದೆ, ಎಲ್ಲರೂ ತಲೆ ತಗ್ಗಿಸಿಯೇ ಇರುತ್ತಾರೆ. ವಿದ್ವತ್ಸಭೆಯಲ್ಲಿ ಈ ವಿನಯ ದುರ್ಲಭ. ಆದರೆ ತೊಡಕಿರುವುದು ಪಕ್ಕದ ಎರ್ರಗುಡಿಯಲ್ಲಿ. ಅಲ್ಲಿಯ ಅಶೋಕನ ಶಾಸನ ಗುರುತಿಸಿದ್ದು ಭೂವಿಜ್ಞಾನಿಯೊಬ್ಬರು. ಅಂದರೆ ಕಲ್ಲು ಭೂಗರ್ಭದವರದು, ಅಕ್ಷರ ಇನ್ನೊಬ್ಬರದು, ಪ್ರಬಂಧ ಯಾರದು? ಸಾಲದ್ದಕ್ಕೆ ಆ ಕಿರು ಶಾಸನದ ಕೆಲವು ಸಾಲು ಎಡದಿಂದ ಬಲಕ್ಕೆ, ಕೆಲವು ಬಲದಿಂದ ಎಡಕ್ಕೆ. ಸಂಪಾದಕ ಮಂಡಳಿ ಎರಡಾಗಿ ಒಡೆಯುವುದು ಕ್ರಿಸ್ತಪೂರ್ವದಿಂದ ಬಂದ ಪದ್ಧತಿ ಎನ್ನಲು ಬೇರೆ ಪ್ರಮಾಣ ಬೇಕಿಲ್ಲ.

ವಿಭಾಗಾಧ್ಯಕ್ಷರ ಆಯ್ಕೆಗೆ ಹೊಳಗುಂದಿ ಬಳಿಯ ದೇವರಗಟ್ಟು ಸ್ಥಳೀಯ ದೃಷ್ಟಾಂತ. ವಿಜಯದಶಮಿಯ ರಾತ್ರಿ ಮಾಳ ಮಲ್ಲೇಶ್ವರನ ಉತ್ಸವಮೂರ್ತಿಗಾಗಿ ಸುತ್ತಲ ಹಳ್ಳಿಗಳು ಎರಡು ಪಂಗಡವಾಗಿ ದೊಣ್ಣೆ ಹಿಡಿಯುತ್ತವೆ. ಪೊಲೀಸರೂ ಡಾಕ್ಟರರೂ ಮೊದಲೇ ಬಂದು ಕೂತಿರುತ್ತಾರೆ. (ಕೆಲವು ವರ್ಷ ಜೀವವೂ ಹೋಗಿದೆ, ಅಷ್ಟು ಮಟ್ಟಿಗೆ ಇದು ತಮಾಷೆಯಲ್ಲ.) ಒಡೆದ ತಲೆಗೆ ಭಂಡಾರ ಹಚ್ಚಿಕೊಂಡು ಬೆಳಗಾಗುವ ಹೊತ್ತಿಗೆ ಎರಡೂ ಕಡೆಯವರು ಮನೆ ಸೇರುತ್ತಾರೆ. ವಿದ್ವಾಂಸರ ಗಾಯಕ್ಕೆ ಭಂಡಾರವಿಲ್ಲ. ಅದು ಮುಂದಿನ ಸಂಚಿಕೆಗಳ ಅಡಿಟಿಪ್ಪಣಿಗಳಲ್ಲಿ ಸೋರುತ್ತಲೇ ಇರುತ್ತದೆ.

ಕೊನೆಯದು ಸೇರ್ಪಡೆ ಪ್ರಕರಣ. ವಿಭಾಗ ಸೇರಲು ಮೂರು ಮಾರ್ಗ: ಅರ್ಜಿ, ವರ್ಗಾವಣೆ, ನಿದ್ದೆ. ಮೂರನೆಯದನ್ನು ಗ್ರಂಥಗಳು ಹೇಳುವುದಿಲ್ಲವಾದರೂ ಈ ಸೀಮೆಗೆ ಚೆನ್ನಾಗಿ ಗೊತ್ತು. ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ರಾತ್ರಿ ಮದ್ರಾಸಿನಲ್ಲಿ ಮಲಗಿ, 1953ರ ಅಕ್ಟೋಬರ್ 1ರ ಬೆಳಿಗ್ಗೆ ಆಂಧ್ರದಲ್ಲಿ ಎದ್ದವು. ಬಳ್ಳಾರಿ ಮೈಸೂರಿಗೆ ಹೋಯಿತು. ಚಂದಾ ರಸೀದಿ ಯಾರಿಗೂ ಸಿಗಲಿಲ್ಲ. ಅಂದಿನಿಂದ ಇಲ್ಲಿಯ ಹುಡುಗ ಕನ್ನಡ ಮಾಧ್ಯಮದಲ್ಲಿ ಪಾಠ ಓದಿ, ತೆಲುಗಿನಲ್ಲಿ ಅರ್ಜಿ ಬರೆದು, ಉರ್ದುವಿನಲ್ಲಿ ಚೌಕಾಸಿ ಮಾಡುತ್ತಾನೆ. ಇವನನ್ನು ಯಾವ ವಿಭಾಗಕ್ಕೆ ಹಾಕುವುದೆಂದು ಕೇಳಿದರೆ ಕಾರ್ಯದರ್ಶಿ ಕನ್ನಡಕ ಒರೆಸಿಕೊಳ್ಳುತ್ತಾರೆ. 2022ರ ಏಪ್ರಿಲ್‌ನಲ್ಲಿ ಕರ್ನೂಲು ಒಡೆದು ನಂದ್ಯಾಲ ಬೇರೆಯಾಯಿತು. ಆದೋನಿಯೂ ಜಿಲ್ಲೆಯಾಗಬೇಕೆಂಬ ಕೂಗು ನಿಂತಿಲ್ಲ.

ಆದ್ದರಿಂದ ನಿಯಮ: ಸದಸ್ಯತ್ವದ ನಮೂನೆಯನ್ನು ಶಾಯಿಯಲ್ಲಿ ತುಂಬತಕ್ಕದ್ದು, 'ಜಿಲ್ಲೆ' ಎಂಬ ಕಾಲಂ ಮಾತ್ರ ಪೆನ್ಸಿಲಿನಲ್ಲಿ.